ಒಂದೇ ತೋಟಾ

ಅಕ್ಟೋಬರ್ 9, ಬೆಳಿಗ್ಗೆ ಎಂಟೂಕಾಲು. ಆಸ್ಟ್ರಿಯಾದ ಬೆಟ್ಟಸೀಮೆಯ ಗ್ರೂನ್‌ಟಾಲ್ ಠಾಣೆಗೆ ದೂರು ಬಂತು. ಅಲ್ಲಿನ ಬೇಟೆಕಾಡನ್ನು ಗುತ್ತಿಗೆ ಹಿಡಿದಿದ್ದ ಕಾರ್ಖಾನೆ ಮಾಲೀಕ ಹಾಸ್ಲಾಖರನ ಬೇಟೆಮನೆಯಿಂದ ಕೋವಿಯೊಂದು ಕಳುವಾಗಿತ್ತು. ಇನ್‌ಸ್ಪೆಕ್ಟರ್ ರೆಜಿನಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಕಿಲಿಯಾನ್ ಜೊತೆ ಬೆಟ್ಟ ಹತ್ತಿದಳು.

ಬೀಗ ಮುರಿದಿರಲಿಲ್ಲ. ಕಪಾಟಿನಲ್ಲಿ ಐದು ಗುಂಡಿನ ದುಬಾರಿ ಕೋವಿ ನಿಂತ ಹಾಗೇ ನಿಂತಿತ್ತು. ಹೋಗಿದ್ದು ಸಪೂರ ನಳಿಗೆಯ, ಮಡಚಿ ತೆರೆದು ಒಂದೇ ತೋಟಾ ತುಂಬುವ ಹಗುರ ಕೋವಿ. ಅದರ ತೋಟಾ ಡಬ್ಬಿಯಲ್ಲೂ ಒಂದೇ ಒಂದು ಕಡಿಮೆ.

"ಎಂಥಾ ಕಳ್ಳ ಮೇಡಂ ಇವ್ನು? ಡಬ್ಬೀನೇ ಎತ್ಕೊಂಡು ಹೋಗ್ಬಹುದಿತ್ತಲ್ಲ" ಎಂದ ಕಿಲಿಯಾನ್.

ಬೇಟೆಮನೆಯ ಹಿಂದಿನಿಂದ ಹೆಜ್ಜೆಗುರುತು ಮೇಲಕ್ಕೆ ಹೋಗಿತ್ತು. ಹೋದವನು ಅಲ್ಲಲ್ಲಿ ಕೂತು ದಣಿವಾರಿಸಿಕೊಂಡಿದ್ದ. ಸಡಿಲ ಕಲ್ಲುಗಳ ಇಳಿಜಾರಿನ ಅಂಚಿನಲ್ಲಿ ಮುದಿ ಹೆಣ್ಣು ಕಾಡುಮೇಕೆಯೊಂದು ಸತ್ತು ಬಿದ್ದಿತ್ತು. ಪಂಚನಾಮೆಯಲ್ಲಿ ಬರೆದದ್ದಿಷ್ಟು: ಹಿಂಗಾಲಿನಲ್ಲಿ ಹಳೆಯ ಗುಂಡೇಟು, ಕೊಳೆತ ಗಾಯ, ಹುಳು. ಭುಜದ ಹಿಂದೆ ಹೊಸ ಗುಂಡು ಒಂದು. ಕೊಂಬು, ಮಾಂಸ ಮುಟ್ಟಿಲ್ಲ. ಬಾಯಲ್ಲಿ ಕೈಯಿಂದ ಮುರಿದ ಸ್ಪ್ರೂಸ್ ಮರದ ಚಿಗುರು.

ಕೊಂದ ಪ್ರಾಣಿಗೆ ಕೊನೆಯ ತುತ್ತು ಕೊಡುವುದು ಅಲ್ಲಿನ ಬೇಟೆಗಾರರ ಕ್ರಮ. ಕದ್ದು ಬೇಟೆಯಾಡುವವನಿಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ, ಮರ್ಯಾದೆಯೂ ಇರುವುದಿಲ್ಲ. ರೆಜಿನಾ ಆ ಚಿಗುರನ್ನೇ ನೋಡುತ್ತ ಲೆಕ್ಕ ಹಾಕಿದಳು. ಬೇಟೆಮನೆಯ ಬೀಗದ ಕೈ ಎಲ್ಲಿರುತ್ತದೆಂದು ಬಲ್ಲ, ಭಾರ ಹೊರಲಾಗದ ಬೇಟೆಗಾರ ಆ ಕಣಿವೆಯಲ್ಲಿದ್ದದ್ದು ಒಬ್ಬನೇ. ಅಲ್ಲಿ ಮೂವತ್ತು ವರ್ಷ ಕಾವಲಿದ್ದ ಗಾಲುಸ್. ವಸಂತದಲ್ಲಿ ಶ್ವಾಸಕೋಶದ ಆಪರೇಷನ್ ಆದಮೇಲೆ ಕೆಲಸ ಬಿಟ್ಟು, ತನ್ನ ಕೋವಿಯನ್ನೂ ಬೇಟೆಯ ಪರವಾನಗಿಯನ್ನೂ ಒಪ್ಪಿಸಿದ್ದ. ರೆಜಿನಾಳಿಗೆ ಕೋವಿ ಹಿಡಿಯಲು ಕಲಿಸಿದವನು ಅವನೇ. ಕೇಸಾದರೆ ಬೇಟೆಗಾರರ ಸಂಘದಿಂದ ಅವನ ಹೆಸರು ಹೊಡೆದುಹಾಕುತ್ತಾರೆ, ಉಳಿದಿದ್ದ ಆ ಒಂದು ಮರ್ಯಾದೆಯೂ ಹೋಗುತ್ತದೆ.

ಸಂಜೆ ನಾಲ್ಕಕ್ಕೆ ಅವನ ಮನೆ ತಲುಪಿದರು. ಕೋವಿ ಮೇಜಿನ ಮೇಲಿತ್ತು.

"ನೀವೇ ತಗೊಂಡ್ರಾ, ಗಾಲುಸ್ ಮಾಮ?"

"ನಾನೇ. ವಾಪಸ್ ಇಡೋಕೆ ಮತ್ತೆ ಹತ್ತೋ ಶಕ್ತಿ ಬರ್ಲಿಲ್ಲ."

"ಯಾಕೆ?"

ಮೇಕೆಯ ಕಾಲಿಗೆ ಹೊಡೆದು ಹಾಗೇ ಬಿಟ್ಟುಬಂದವನು ಹಾಸ್ಲಾಖರನೇ ಎಂದು ಗಾಲುಸ್ ಹೇಳಿದ. ಹುಡುಕಿ ಅದರ ನೋವು ಮುಗಿಸಿ ಎಂದು ಎರಡು ಸಲ ಹೋಗಿ ಕೇಳಿಕೊಂಡಿದ್ದ. ಮುದಿ ಪ್ರಾಣಿ, ತಾನಾಗಿಯೇ ಸಾಯುತ್ತದೆ ಬಿಡು ಎಂದಿದ್ದನಂತೆ ಹಾಸ್ಲಾಖರ್. ಕಿಟಕಿಯಿಂದ ದುರ್ಬೀನು ಹಾಕಿದಾಗಲೆಲ್ಲ ಅದು ಮೂರು ಕಾಲಲ್ಲಿ ಕುಂಟುವುದು ಕಾಣುತ್ತಿತ್ತು.

"ಒಂದೇ ತೋಟಾ ಯಾಕೆ ತಗೊಂಡ್ರಿ?"

"ಇನ್ನೊಂದಿದ್ರೆ ಕೈ ಸಡಿಲ ಆಗುತ್ತೆ, ರೆಜಿ. ಇರೋದೊಂದೇ ಅಂದ್ರೆ ಹತ್ರ ಹೋಗ್ತೀವಿ, ಕಾಯ್ತೀವಿ." ನಳಿಗೆಯ ಮೇಲೆ ಒಮ್ಮೆ ಬೆರಳಾಡಿಸಿದ. "ಹೆಗಲಿಗೆ ಹಾಕ್ಕೊಂಡ್ರೆ ಇದೆ ಅಂತಾನೇ ಅನ್ಸಲ್ಲ. ಇದಲ್ದೆ ಬೇರೆ ಕೋವಿ ಆಗಿದ್ರೆ ನಾನು ಅರ್ಧ ದಾರೀಲೇ ಬಿದ್ದಿರ್ತಿದ್ದೆ."

"ಆ ಚಿಗುರು ಇಡದೆ ಬಂದಿದ್ರೆ ನಿಮ್ಮೇಲೆ ಅನುಮಾನಾನೇ ಬರ್ತಿರ್ಲಿಲ್ಲ, ಮಾಮ."

"ಇಡದೆ ಬಂದಿದ್ರೆ ನಾನು ಕಳ್ಳ ಆಗ್ತಿದ್ದೆ."

4.40ಕ್ಕೆ ಬಂಧನವಾಯಿತು. ಕೈಕೋಳ ಹಾಕಲಿಲ್ಲ. ಜೀಪಿನವರೆಗೆ ಅವನು ನಿಂತಲ್ಲೆಲ್ಲ ಅವಳೂ ನಿಂತಳು.

ಹಾಸ್ಲಾಖರ್ ಫೋನಿನಲ್ಲಿ ಕೇಳಿದ್ದು ಒಂದೇ, ಕೋವಿಗೆ ಗೀರು ಬಿದ್ದಿದೆಯೇ ಎಂದು. ಇಲ್ಲ, ಒರೆಸಿ ಎಣ್ಣೆ ಹಾಕಿಟ್ಟಿದ್ದಾರೆ ಎಂದಳು ರೆಜಿನಾ. ಮೇಕೆಯ ಮಾತು ಅವನ ಬಾಯಲ್ಲಿ ಬರಲಿಲ್ಲ.

ಕೃತ್ಯಕ್ಕೆ ಕಾರಣ ಎಂಬಲ್ಲಿ ಅವಳು 'ಪ್ರಾಣಿಯ ನೋವು ನೋಡಲಾರದೆ' ಎಂದು ಬರೆದಳು. ಆಮೇಲೆ ಇನ್ನೊಂದು ಎಫ್‌ಐಆರ್ ತೆರೆದಳು. ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಬಿಟ್ಟುಬರುವುದೂ ಆ ನಾಡಿನಲ್ಲಿ ಅಪರಾಧವೇ. ಆರೋಪಿಯ ಜಾಗದಲ್ಲಿ ಹಾಸ್ಲಾಖರನ ಹೆಸರು ಬರೆದು, ದೂರುದಾರರ ಜಾಗದಲ್ಲಿ ತನ್ನ ಹೆಸರು ಬರೆದಳು.