ಖಾಲಿ ಜಾಗದ ಚೀಟಿ

"ಆ ಜಾಗದಲ್ಲಿ ಮಾತ್ರ ನಿಮ್ಮ ಹೆಸರಿನ ಚೀಟಿ ಇಡಬೇಡಿ ಮೇಡಂ, ಕೈ ಮುಗೀತೀನಿ" ಎಂದ ಬೀಗದಜ್ಜ.

ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೆಲಮಾಳಿಗೆಯ ಉಗ್ರಾಣಕ್ಕೆ ಅವನೇ ಕಾವಲು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು, ಅದಕ್ಕೇ ಆ ಹೆಸರು. ಎದುರಿಗಿದ್ದವಳು ನಾಲ್ಕು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವಳು. ಹುಳ ಹಿಡಿದ ಮರ, ತುಕ್ಕು ತಿಂದ ಕಬ್ಬಿಣ, ಎಲ್ಲಕ್ಕೂ ಮದ್ದು ಮಾಡಿ ಉಳಿಸುವವಳಾದ್ದರಿಂದ ಕಚೇರಿಯವರಿಗೆಲ್ಲ ಅವಳು ಡಾಕ್ಟ್ರಮ್ಮ. ಉಗ್ರಾಣದಿಂದ ಯಾವ ಪೆಟ್ಟಿಗೆ ತೆಗೆದರೂ ಅದರ ಜಾಗದಲ್ಲಿ ತೆಗೆದವರ ಹೆಸರಿನ ಚೀಟಿ ಇಡಬೇಕು ಎಂಬುದು ಅಲ್ಲಿನ ನಿಯಮ. ನಿಯಮವೆಂದರೆ ಡಾಕ್ಟ್ರಮ್ಮನಿಗೆ ಪ್ರಾಣ.

"ಯಾಕಜ್ಜಾ, ಬೊಂಬೆ ನನ್ನ ನುಂಗಿಬಿಡುತ್ತಾ?"

ಪೆಟ್ಟಿಗೆಯಲ್ಲಿದ್ದದ್ದು ಗೇಣುದ್ದದ ಮರದ ಬೊಂಬೆ. ಮೈತುಂಬ ಕಪ್ಪು ದಾರ, ದಾರದ ಸಂದಿನಲ್ಲಿ ಯಾರದೋ ಕೂದಲು, ಬಾಯಿಗೆ ಮೆತ್ತಿದ ಮೇಣ. ಮುಚ್ಚಳ ತೆರೆದರೆ ಸುಟ್ಟ ಕೊಬ್ಬಿನ ವಾಸನೆ. ತಂದವರು ನೂರು ವರ್ಷದ ಹಿಂದೆ ಬರೆದಿಟ್ಟ ಟಿಪ್ಪಣಿಯೂ ಇತ್ತು: ‘ಆಗದವರನ್ನು ಅವರ ಮನೆಯವರ ನೆನಪಿನಿಂದಲೇ ಅಳಿಸಲು ಮಾಡಿಸಿದ ಮಾಟ. ಹೆಸರು ಕೊಟ್ಟರೆ ಹಿಡಿಯುತ್ತದೆ. ಹಿಡಿದದ್ದನ್ನು ಬಿಡಿಸಲು ಬೇರೆಯವರೇ ಬೇಕು. ಅವರು ಮೊದಲು ತಮ್ಮ ಹೆಸರು ಕೊಡಬೇಕು.’

ಅಜ್ಜ ಕಪಾಟಿನ ಆ ಜಾಗದಲ್ಲಿ ಮೊದಲೇ ಅಂಟಿಕೊಂಡಿದ್ದ ಒಂದು ಹಳದಿಗಟ್ಟಿದ ಚೀಟಿ ತೋರಿಸಿದ. ಯಾವುದೋ ಹೆಂಗಸಿನ ಹೆಸರು. "ಈ ಹೆಸರಿನೋರು ಇಲ್ಲಿ ಕೆಲಸ ಮಾಡೇ ಇಲ್ಲ ಅಂತಾರೆ ಆಫೀಸಲ್ಲಿ. ಹಾಗಾದ್ರೆ ನಿಮ್ಮ ಮೇಜಿನ ಖಾನೇಲಿ ಸಿಕ್ಕ ಈ ಕನ್ನಡಕ ಯಾರದು?" ಜೇಬಿನಿಂದ ತೆಗೆದು ತೋರಿಸಿದ. ಒಂದು ಕಡ್ಡಿಗೆ ದಾರ ಸುತ್ತಿತ್ತು. "ಇನ್ನೊಂದು ಹೇಳ್ತೀನಿ, ನಗಬೇಡಿ. ನಾನು ಒಂಟಿ ಮನುಷ್ಯ, ಮದುವೆ ಗಿದುವೆ ಆದೋನಲ್ಲ. ಆದ್ರೂ ದಿನಾ ನಾಲ್ಕು ಗಂಟೆಗೆ ಎರಡು ಲೋಟ ಟೀ ಬಗ್ಗಿಸ್ತೀನಿ. ಯಾಕೆ ಅಂತ ನಂಗೇ ಗೊತ್ತಿಲ್ಲ."

ಅವಳು ನಕ್ಕೇಬಿಟ್ಟಳು. "ಎರಡನೇದು ನಂಗೆ ಕೊಡಿ, ತಾಪತ್ರಯ ಮುಗೀತು." ಗುಂಡಗೆ ಹೆಸರು ಬರೆದು, ಚೀಟಿ ಇಟ್ಟು, ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಪಾಪ, ಅವಳ ಮನಸ್ಸಾದರೂ ಅಲ್ಲೆಲ್ಲಿತ್ತು? ಆರು ವರ್ಷದ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದಳು. ನಾಲ್ಕು ತಿಂಗಳಿಂದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಂಡು, ಒಬ್ಬಳೇ ಮಲಗಿ, ಗೋಡೆಯ ಜೊತೆ ಮಾತಾಡುವ ಹಂತಕ್ಕೆ ಬಂದಿದ್ದಳು. ಈಗ ಮನೆ ಸಿಕ್ಕಿತ್ತು. ಭಾನುವಾರ ಮಗು ಬರುವವಳಿದ್ದಳು. ಪುಟ್ಟ ಮಂಚವನ್ನೂ ಕೊಂಡಾಗಿತ್ತು.

ಮರುದಿನ ಹೊಸ ಮನೆಯ ಕೆಲಸ ಮುಗಿಸಿ ನಾಲ್ಕರ ಹೊತ್ತಿಗೆ ಬಂದಾಗ ಗೇಟಿನವನು "ಯಾರು ಬೇಕಿತ್ತು?" ಎಂದ. ತಮಾಷೆ ಎಂದುಕೊಂಡಳು. ಅವಳ ಮೇಜಿನ ಮೇಲೆ ಯಾರೋ ರಟ್ಟಿನ ಡಬ್ಬಗಳನ್ನು ಪೇರಿಸಿದ್ದರು. ಅವಳ ನಮಸ್ಕಾರಕ್ಕೆ ಒಬ್ಬರೂ ತಲೆಯೆತ್ತಲಿಲ್ಲ. ಅಮ್ಮನ ಮನೆಗೆ ಫೋನ್ ಮಾಡಿದಳು.

"ಅಮ್ಮಾ, ನಾನು."

"ಯಾವ ನಾನು?"

"ಅಯ್ಯೋ, ನಿನ್ನ ಮಗಳಮ್ಮಾ!"

"ನಂಗೆ ಹೆಣ್ಣುಮಕ್ಕಳೇ ಇಲ್ಲ ಕಣಮ್ಮ. ನಂಬರ್ ತಪ್ಪಿರಬೇಕು, ನೋಡು."

ಹಿಂದಿನಿಂದ ಎಳೆಯ ದನಿ ಕೂಗಿತು: "ಅಜ್ಜೀ, ಅದು ಅಮ್ಮ! ನನ್ನಮ್ಮ!" ಫೋನ್ ಕಟ್ ಆಯಿತು.

ಮಗುವಿಗೆ ಇನ್ನೂ ನೆನಪಿದೆ. ಇನ್ನೆಷ್ಟು ಹೊತ್ತು? ಪೆಟ್ಟಿಗೆಯನ್ನು ಅವುಚಿಕೊಂಡು ನೆಲಮಾಳಿಗೆಗೆ ಓಡಿದಳು. ಉಗ್ರಾಣದ ಬಾಗಿಲಲ್ಲಿ ಅಜ್ಜ, ಅವನ ಮುಂದೆ ಹಬೆಯಾಡುವ ಎರಡು ಲೋಟ.

"ಯಾರಮ್ಮ ನೀವು? ಹೊರಗಿನೋರು ಇಲ್ಲಿಗೆ ಬರೋ ಹಾಗಿಲ್ಲ."

"ಎರಡನೇ ಲೋಟ ಯಾರಿಗೆ ಅಂತ ನಿಮಗೆ ಗೊತ್ತಿಲ್ಲ ಅಜ್ಜಾ. ನಿನ್ನೆ ನೀವೇ ಹೇಳಿದ್ರಿ. ನಾನು ನಕ್ಕೆ. ತಪ್ಪಾಯ್ತು. ನನ್ನ ಮಗು ನನ್ನ ಮರೀತಾಳೆ ಅಜ್ಜಾ!"

ಮುದುಕ ಎರಡನೇ ಲೋಟದ ಕಡೆ ನೋಡಿದ. ಬೀಗ ತೆಗೆದ.

ಒಳಗೆ ಕಾರಿರುಳು, ನುಸಿಗುಳಿಗೆಯ ಘಾಟು. ಜನ ನಡೆದಲ್ಲಿ ತಾವಾಗಿಯೇ ಹೊತ್ತುವ ದೀಪಗಳು ಅಲ್ಲಿದ್ದವು. ಅಜ್ಜನ ತಲೆಯ ಮೇಲೆ ಹೊತ್ತಿದವು. ಅವಳ ತಲೆಯ ಮೇಲೆ ಒಂದೂ ಹೊತ್ತಲಿಲ್ಲ.

ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟಳು. ತನ್ನ ಚೀಟಿ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಉಗುರು ಕಿತ್ತುಬಂತು. ಆಗ ಕೇಳಿಸಿತು. ಸರ್... ಸರ್... ತಗಡಿನ ಕಪಾಟಿನ ಮೇಲೆ ಅಂಗೈ ಸವರುವ ಸದ್ದು. ಕತ್ತಲ ಸಾಲಿನಲ್ಲಿ ಒಬ್ಬ ಮುದುಕಿ. ಕಣ್ಣು ಕಿರಿದು ಮಾಡಿ, ಏನನ್ನೋ ತಡಕಾಡುತ್ತ, ಇತ್ತಲೇ ಬರುತ್ತಿದ್ದಳು.

"ಅಜ್ಜಾ, ಅಲ್ಲಿ ಯಾರೋ ಇದ್ದಾರೆ!"

"ಯಾರೂ ಇಲ್ವಲ್ಲಮ್ಮ. ಅಯ್ಯೋ, ನೀವೆಲ್ಲಿದ್ದೀರಿ? ನೀವೇ ಕಾಣ್ತಿಲ್ಲ!"

ಫೋನ್ ಬಡಿದುಕೊಂಡಿತು. ಮಗಳು. "ಅಮ್ಮಾ, ಅಜ್ಜಿ ಯಾಕೆ ನೀನು ಯಾರೋ ಅಂತ..." ಮಾತು ಅರ್ಧಕ್ಕೇ ನಿಂತಿತು. ಉಸಿರು ಕೇಳಿಸುತ್ತಿತ್ತು. ಆಮೇಲೆ, ಹೊರಗಿನವರೊಡನೆ ಮಾತಾಡುವ ಮರ್ಯಾದೆಯಿಂದ: "ನೀವ್ಯಾರು?"

ಅವಳು ಚೀರಿದಳು. ಕರುಳು ಕಿತ್ತು ಬರುವಂತೆ ಚೀರಿದಳು. ಖಾಲಿ ಗಾಳಿಯಿಂದ ಬಂದ ಆ ದನಿಗೆ ಅಜ್ಜನ ಕಣ್ಣು ತುಂಬಿತು.

"ಅಳಬೇಡಮ್ಮ. ಬಿಡಿಸೋರು ಮೊದಲು ತಮ್ಮ ಹೆಸರು ಕೊಡಬೇಕು ಅಂತ ಟಿಪ್ಪಣೀಲಿ ಇದೆಯಲ್ಲ. ನನ್ನ ಮರೆಯೋಕೆ ಯಾರಿದ್ದಾರೆ?"

ಒಂದು ಚೀಟಿಯ ಮೇಲೆ ವಕ್ರವಕ್ರವಾಗಿ ತನ್ನ ಹೆಸರು ಬರೆದು ಅವಳ ಚೀಟಿಯ ಪಕ್ಕ ತುರುಕಿದ. ತಲೆಯ ಮೇಲಿನ ದೀಪ ಆರಿತು. ಅವನು ಕತ್ತಲ ಕಡೆ ತಿರುಗಿದವನು ಕಲ್ಲಾಗಿ ನಿಂತ.

"ನೀನಾ?" ದನಿ ಒಡೆಯಿತು. "ಇಷ್ಟು ವರ್ಷ ಇಲ್ಲೇ ಇದ್ದೆಯೇನೇ? ದಿನಾ ನಿನ್ನ ಟೀ ತಣ್ಣಗಾಗ್ತಾ ಇತ್ತಲ್ಲೇ..."

ಜೇಬಿನ ಕನ್ನಡಕ ತೆಗೆದು ಮುದುಕಿಗೆ ತೊಡಿಸಿದ. ಅವಳು ಗಂಡನ ಮುಖವನ್ನು ನೋಡಿಯೇ ನೋಡಿದಳು. "ಎಷ್ಟು ತಡ ಮಾಡಿದ್ರಿ" ಎಂದು ಗದರಿ ಅತ್ತಳು. ಹೆಂಡತಿಯ ಕೈ ಬಿಡದೆಯೇ ಅಜ್ಜ ಇನ್ನೊಂದು ಕೈಯಿಂದ ಡಾಕ್ಟ್ರಮ್ಮನ ಚೀಟಿ ಎಳೆದು ಅವಳ ಅಂಗೈಗೆ ಒತ್ತಿದ. ಹೆಂಡತಿಯ ಚೀಟಿಯನ್ನು ಮುಟ್ಟಲಿಲ್ಲ; ಮುಟ್ಟಿದರೆ ಅವಳು ಹೊರಗೆ, ತಾನೊಬ್ಬನೇ ಒಳಗೆ.

ಡಾಕ್ಟ್ರಮ್ಮನ ತಲೆಯ ಮೇಲೆ ದೀಪ ಹೊತ್ತಿತು. ಸಾಲಿನಲ್ಲಿ ಅವಳೊಬ್ಬಳೇ. ಕೈಯಲ್ಲಿ ತನ್ನದೇ ಹೆಸರಿನ ಚೀಟಿ. ಇಲ್ಲಿಗೆ ಯಾಕೆ ಬಂದೆ, ಕೆನ್ನೆ ಯಾಕೆ ಒದ್ದೆ, ಒಂದೂ ತಿಳಿಯಲಿಲ್ಲ. ಕಪಾಟಿನಲ್ಲಿ ಎರಡು ಚೀಟಿ ಉಳಿದಿದ್ದವು, ಎರಡೂ ಕೇಳರಿಯದ ಹೆಸರು. ಫೋನಿನಲ್ಲಿ ಮಗಳು ಕೂಗುತ್ತಿದ್ದಳು: "ಅಮ್ಮಾ, ಕೇಳಿಸ್ತಾ ಇದೆಯಾ? ಭಾನುವಾರ ಸ್ಟೇಷನ್ನಿಗೆ ಬರ್ತೀಯ ತಾನೆ?"

ಭಾನುವಾರ ಮಗು ಬಂದಳು. ಸೋಮವಾರ ಅಮ್ಮನ ಜೊತೆ ಕಚೇರಿಗೂ ಬಂದಳು. ನಾಲ್ಕು ಗಂಟೆಗೆ ಡಾಕ್ಟ್ರಮ್ಮ ತನಗೆ ಟೀ, ಮಗಳಿಗೆ ಹಾಲು ಬಗ್ಗಿಸಿದಳು. ಕೈ ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಎರಡು ಲೋಟ ತುಂಬಿಸಿತು.

"ಅದು ಯಾರಿಗಮ್ಮಾ?"

"ಗೊತ್ತಿಲ್ಲ ಕಣೇ" ಎಂದಳು. ಲೋಟಗಳನ್ನು ಒಯ್ದು ಉಗ್ರಾಣದ ಮುಚ್ಚಿದ ಬಾಗಿಲ ಮುಂದಿಟ್ಟಳು. ಟೀ ತಣ್ಣಗಾಗುವವರೆಗೂ ತಾಯಿ ಮಗಳು ಅಲ್ಲೇ ಕೂತಿದ್ದರು.