ಆರಿಸಬೇಡ

ಬೆಳಿಗ್ಗೆ ಹತ್ತೂಕಾಲಿಗೆ ನೋಡಿದಾಗ ಮಗಳ ಕಂಪ್ಯೂಟರ್ ಸತ್ತಿತ್ತು. ಒಳಗೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಸ್ನಾನ ಮುಗಿಸಿ, ಇನ್ನೂ ಬೆಚ್ಚಗಿದ್ದ ನೀಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದವಳು ಕುರ್ಚಿಯಲ್ಲಿ ಕುಸಿದಳು.

ಮರುದಿನ ಅವಳು ಒಂದು ಕಟ್ಟಡದ ನಕ್ಷೆಗಳನ್ನು ಒಪ್ಪಿಸಬೇಕಿತ್ತು. ಅದಕ್ಕೆಂದೇ ಹೊಸ ಪ್ರೊಸೆಸರ್ ತಂದಿದ್ದಳು. ಮದರ್‌ಬೋರ್ಡ್ ಹಳೆಯದು. ಹೊಸ ಪ್ರೊಸೆಸರಿನ ಗುರುತು ಅದಕ್ಕೆ ಸಿಗಬೇಕಾದರೆ ಮೊದಲು ಬಯಾಸ್ ಬದಲಾಗಬೇಕು. ಯಂತ್ರ ಎದ್ದ ಕೂಡಲೇ ಓದುವ ಮೊದಲ ಪಾಠ ಅದು. ಹೊಸ ಬಯಾಸಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟವನು ನನ್ನ ಮೈದುನ, ಕಂಪ್ಯೂಟರ್ ರಿಪೇರಿ ಅಂಗಡಿಯವನು. ಹದಿನೈದು ನಿಮಿಷ ಮುಟ್ಟಬೇಡ, ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳುವುದಿಲ್ಲ ಎಂದು ಮಗಳನ್ನು ಎಚ್ಚರಿಸಿದ್ದ. ಅದನ್ನು ಶುರು ಮಾಡಿಟ್ಟೇ ಅವಳು ಸ್ನಾನಕ್ಕೆ ಹೋಗಿದ್ದಳು.

ನಾನು ಯೋಚಿಸಲಿಲ್ಲ. ಫೋನ್ ಎತ್ತಿಕೊಂಡೆ.

"ಯಾವ್ದೋ ಬೋರ್ಡಿನ ಫೈಲ್ ಕೊಟ್ಟು ಮಗು ಕೆಲಸ ಹಾಳು ಮಾಡಿದ್ಯಲ್ಲಪ್ಪಾ."

ಅವನ ಫೋನ್ ಸ್ಪೀಕರಿನಲ್ಲಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರಂತೆ. ಅವನು ಹೇಳಿದ್ದು ಇಷ್ಟೇ: "ಬರ್ತೀನಿ ಅತ್ತಿಗೆ."

*

ಬಂದವನು ಬೋರ್ಡಿನ ಮೇಲಿನ ನಂಬರ್ ಓದಿದ. ನಾನು ಫೈಲಿನ ಹೆಸರಿನೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿದೆ. ಸರಿಯಾಗಿತ್ತು.

ಹಾಗಾದರೆ ಕರೆಂಟೇ ಕಳ್ಳ ಎಂದೆ. ಅದಕ್ಕೂ ಸಾಕ್ಷಿ ಅಡುಗೆಮನೆಯಲ್ಲೇ ಇತ್ತು. ಕರೆಂಟ್ ಕಣ್ಣು ಮಿಟುಕಿಸಿದರೂ ನಮ್ಮ ಓವನ್ನಿನ ಗಡಿಯಾರ ಸೊನ್ನೆಗೆ ಬೀಳುತ್ತದೆ. ಹೋಗಿ ನೋಡಿದೆ. ಸಮಯ ಸರಿಯಾಗಿ ತೋರಿಸುತ್ತಿತ್ತು.

"ಮನೆಗೆ ಕರೆಂಟ್ ಇತ್ತು," ಎಂದ ಮೈದುನ. "ಇದೊಂದಕ್ಕೇ ಹೋಗಿದೆ."

"ಬಚ್ಚಲಿಗೆ ಹೋಗ್ತಾ ಅಮ್ಮಂಗೆ ಕೂಗಿ ಹೇಳಿದ್ದೆ ಚಿಕ್ಕಪ್ಪ."

"ಏನಂತ?"

"ಆರಿಸ್ಬೇಡ ಅಂತ."

ನನ್ನ ಕಣ್ಣು ಅವಳ ಶರ್ಟಿನ ಮೇಲೆ ಬಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದವಳು ನಾನೇ.

ಆ ಶರ್ಟನ್ನು ನಾನು ಒಗೆದದ್ದು ಒಂಬತ್ತಕ್ಕೆ. ಅವಳು ಕೂಗಿದಾಗ ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ, ಹೊರಗೆ ಮೋಡ. ಬಟ್ಟೆ ಹೊರಗೆ ಆರಿಸಬೇಡ ಎಂದಳೆಂದುಕೊಂಡೆ. ಎಷ್ಟು ಜಾಣೆ ಮಗಳು ಎಂದೂ ಅಂದುಕೊಂಡೆ. ಇಸ್ತ್ರಿಯಿಂದಲೇ ಒಣಗಿಸೋಣವೆಂದು ಅವಳ ಕೋಣೆಗೆ ಹೋದೆ. ಪರದೆ ಆಗ ಕ್ಷಣಕಾಲ ಕಪ್ಪಾಗಿತ್ತು. ಯಂತ್ರ ನಿಂತಿದೆಯೆಂದು ಪ್ಲಗ್ ಕಿತ್ತು ಇಸ್ತ್ರಿಪೆಟ್ಟಿಗೆಯದನ್ನು ಸಿಕ್ಕಿಸಿದೆ. ಮುಗಿದ ಮೇಲೆ ಮೊದಲಿನಂತೆಯೇ ಇಟ್ಟೆ. ಮರೆತಿರಲಿಲ್ಲ, ಅದು ಲೆಕ್ಕಕ್ಕೆ ಬರುವ ಕೆಲಸವೆಂದೇ ಅನ್ನಿಸಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಮಗಳು ಶರ್ಟಿನ ತೋಳು ಸವರಿಕೊಂಡಳು. ಬೈದಿದ್ದರೆ ವಾಸಿಯಿತ್ತು.

*

ಬೋರ್ಡಿನ ಚಿಪ್ಪಿಗೆ ಪಾಠವನ್ನು ನೇರವಾಗಿ ಬರೆಯುವ ಸಾಧನ ಅಂಗಡಿಯಲ್ಲಿದೆಯಂತೆ. ನೀವ್ಯಾಕೆ ಬರ್ತೀರಿ ಎಂದ ಮೈದುನ. ಯಂತ್ರ ಹೊತ್ತ ಮಗಳ ಜೊತೆ ನಾನೂ ಹೋದೆ. ಗಿರಾಕಿಗಳಿಬ್ಬರೂ ಅಲ್ಲೇ ಕೂತಿದ್ದರು.

"ಬೆಳಿಗ್ಗೆ ನೀವು ಕೇಳಿಸ್ಕೊಂಡಿದ್ದು ಸುಳ್ಳು," ಎಂದೆ. "ಫೈಲ್ ಸರಿಯಾಗೇ ಇತ್ತು. ಪ್ಲಗ್ ಕಿತ್ತಿದ್ದು ನಾನು."

ಇಬ್ಬರೂ ತಲೆಯಾಡಿಸಿದರು. ಮೈದುನ ತಲೆ ಎತ್ತಲೇ ಇಲ್ಲ. ಚಿಪ್ಪಿಗೆ ಕ್ಲಿಪ್ ಹಾಕಿ ಬರವಣಿಗೆ ಶುರು ಮಾಡಿದ. ಆಮೇಲೆ ಮೆಲ್ಲಗೆ, "ಕಣ್ಣಿಗೆ ಹೊಡೀತಿದೆ, ಆ ಲೈಟ್ ಸ್ವಲ್ಪ ಆರಿಸ್ತೀರಾ ಅತ್ತಿಗೆ?" ಎಂದ.

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಮಗಳು ಮೊದಲ ಸಲ ನಕ್ಕಳು. ಎದ್ದು ಹೋಗಿ ತಾನೇ ಸ್ವಿಚ್ ಒತ್ತಿದಳು.

ಅರ್ಧ ಗಂಟೆಗೆ ಪರದೆಯ ಮೇಲೆ ಹೊಸ ಪ್ರೊಸೆಸರಿನ ಹೆಸರು ಮೂಡಿತು. ನಾನು ಮಾತ್ರ ಅಲ್ಲಿಯತನಕ ಕೈ ಹೊರಗೆ ತೆಗೆದಿರಲಿಲ್ಲ.