ಶಿರಾಲಿ ಮನೆಯ ಚಿತ್ರ

"ಶಿರಾಲಿ ಮನೆ ಫೋಟೊ ವೆಬ್‌ಸೈಟಿಂದ ಎಂತಕ್ಕೆ ತೆಗ್ದ್ರಿ?"

ಶರ್ಮಿಳಾಳ ದನಿ ಕುಮಟಾದ ಆ ಪುಟ್ಟ ಆಫೀಸಿನಲ್ಲಿ ಎಲ್ಲರಿಗೂ ಕೇಳಿಸಿತು. ಕಂಪ್ಯೂಟರಿನ ಮುಂದೆ ಕೂತಿದ್ದ ಸುಜಯ ತಲೆ ಎತ್ತಿದ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

"ಆ ಮನೆ ವೆಬ್‌ಸೈಟಲ್ಲಿ ಬೇಡ," ಎಂದ.

ಯಾಕೆಂದು ಎಷ್ಟು ಕೇಳಿದರೂ ಅವನು ಅವಳ ಕಣ್ಣು ತಪ್ಪಿಸಿ ಪರದೆಯತ್ತ ತಿರುಗಿಕೊಂಡ.

ಮಳೆಗಾಲವಾದ್ದರಿಂದ ಕಟ್ಟಡದ ಕೆಲಸಗಳು ನಿಂತಿದ್ದವು, ಹೊಸ ಗಿರಾಕಿಗಳೂ ಇರಲಿಲ್ಲ. ಈ ಬಿಡುವಿನಲ್ಲಿ ತಮ್ಮ ಆಫೀಸು ವಿನ್ಯಾಸ ಮಾಡಿದ ಮನೆಗಳ ಫೋಟೊಗಳನ್ನು ಹೊಸದಾಗಿ ತೆಗೆಸಿ ವೆಬ್‌ಸೈಟಿಗೆ ಹಾಕೋಣವೆಂದು ಯಜಮಾನ ತ್ರ್ಯಂಬಕ ಭಟ್ಕಳದಿಂದ ಫೋಟೊಗ್ರಾಫರ್ ಸುಜಯನನ್ನು ಕರೆಸಿದ್ದರು. ಶರ್ಮಿಳಾ ಎರಡು ವರ್ಷ ಪುಣೆಯಲ್ಲಿ ಓದಿ ಆಗಷ್ಟೇ ಕೆಲಸಕ್ಕೆ ಮರಳಿದ್ದಳು.

ಶಿರಾಲಿಯದು ಅವಳು ಒಬ್ಬಳೇ ವಿನ್ಯಾಸ ಮಾಡಿದ ಮೊದಲ ಮನೆ. ಹೊನ್ನಾವರದ ಮೀನುಗಾರರ ಮಗಳಾದ ಅವಳು, ದಾಸ ಮತ್ತು ದೇವಿ ಎಂಬ ಮೀನುಗಾರ ದಂಪತಿಗೆ ಪ್ರೀತಿಯಿಂದ ರೂಪಿಸಿದ ಮನೆ. ವೆಬ್‌ಸೈಟಿನ ಹಳೆಯ ಚಿತ್ರದಲ್ಲಿ ಇಬ್ಬರೂ ಜಗಲಿಯ ಮೇಲೆ ನಿಂತು ನಗುತ್ತಿದ್ದರು. ಈಗ ಆ ಚಿತ್ರದ ಜಾಗದಲ್ಲಿ ಓಂ ಬೀಚ್ ಹತ್ತಿರದ ಗೆಸ್ಟ್ ಹೌಸ್ ಒಂದರ ಫೋಟೊ ಮಿನುಗುತ್ತಿತ್ತು.

'ಬಡವರ ಮನೆ ತೋರಿಸೋಕೆ ಇವನಿಗೆ ನಾಚಿಕೆ...' ಎಂದುಕೊಂಡಳು ಶರ್ಮಿಳಾ.

ಆದರೂ ಅವನ ಜೊತೆ ಊರೂರು ಸುತ್ತಲೇಬೇಕಾಯಿತು. ಕಾರಿನಲ್ಲಿ ಮಾತಾಡಿದರೆ ಅದು ಜಗಳವೇ.

ಒಂದು ಮಧ್ಯಾಹ್ನ ಧಾರೇಶ್ವರದ ಮನೆಯೊಂದರಲ್ಲಿ ಸುಜಯ ಮೋಡ ಸರಿಯಲೆಂದು ಬಹಳ ಹೊತ್ತು ಕಾದ. ಕೊನೆಗೆ ಮೇಲಿನ ಕಿಟಕಿಯಿಂದ ಬಿಸಿಲು ಮೆಟ್ಟಿಲುಗಳ ಮೇಲೆ ಬಿತ್ತು.

"ಈ ಬೆಳಕು ಇಲ್ಲಿಗೇ ಬೀಳ್ಬೇಕು ಅಂತ ಮಾಡಿದ್ದಲ್ವಾ ನೀವು?" ಎಂದ ಮೆಲ್ಲಗೆ.

ಅವಳು ತಿರುಗಿ ಅವನನ್ನೇ ನೋಡಿದಳು. ಅದನ್ನು ಇದುವರೆಗೆ ಯಾರೂ ಗಮನಿಸಿರಲಿಲ್ಲ. ಇಷ್ಟು ನೋಡಬಲ್ಲವನು ಆ ಮನೆಯನ್ನೇಕೆ ತಿರಸ್ಕರಿಸಿದ? ಮತ್ತೆ ಕೇಳಿದಳು.

"ಅದೊಂದು ಮಾತ್ರ ಕೇಳ್ಬೇಡಿ."

ಮನಸ್ಸು ಅವನತ್ತ ವಾಲಿದ್ದಕ್ಕೋ ಏನೋ, ಆ ಮಾತು ಇನ್ನಷ್ಟು ಚುಚ್ಚಿತು. ಮರುದಿನ ತ್ರ್ಯಂಬಕರ ಬಳಿ ಹೋಗಿ, ಆ ಚಿತ್ರ ಮರಳಿ ಬರಬೇಕು, ಇಲ್ಲವಾದರೆ ಅವನ ಜೊತೆ ಕೆಲಸ ಮಾಡಲಾರೆ ಎಂದುಬಿಟ್ಟಳು. ಅವರು ಕರೆದು ಕೇಳಿದಾಗಲೂ ಸುಜಯ ಕಾರಣ ಹೇಳಲಿಲ್ಲ. ಹಾಗಾದರೆ ಕೆಲಸ ಇಲ್ಲಿಗೆ ಸಾಕು ಎಂದರು. ಅವನು ಬ್ಯಾಗು ಹೆಗಲಿಗೇರಿಸಿ ಹೊರಟ. ಅವಳ ಮೇಜಿನ ಬಳಿ ಒಂದು ಕ್ಷಣ ನಿಂತ. ಮತ್ತೆ ನಡೆದ.

ಗೆದ್ದರೂ ಅವಳಿಗೆ ಸಮಾಧಾನವಾಗಲಿಲ್ಲ. ತಾನೇ ಹೊಸ ಫೋಟೊ ತೆಗೆಯುವೆನೆಂದು ಶಿರಾಲಿಗೆ ಹೋದಳು.

ಬಾಗಿಲು ತೆರೆದ ದೇವಿಯ ಕೊರಳು ಬರಿದಾಗಿತ್ತು. ಹಿಂದಿನ ವರ್ಷ ದೋಣಿ ಮಗುಚಿ ದಾಸ ತೀರಿಕೊಂಡಿದ್ದ. ಪುಣೆಯಲ್ಲಿದ್ದವಳಿಗೆ ಸುದ್ದಿಯೇ ಮುಟ್ಟಿರಲಿಲ್ಲ.

"ಆ ಫೋಟೊದಲ್ಲಿ ಅವ್ರು ನಗೂದನ್ನ ಎಲ್ರೂ ಮೊಬೈಲಲ್ಲಿ ತಂದು ತೋರಿಸ್ತಿದ್ರು. ನಂಗೆ ತಡೀಲಿಕ್ಕೆ ಆಗ್ಲಿಲ್ಲ, ತಂಗಿ. ಫೋಟೊ ತೆಗೀಲಿಕ್ಕೆ ಬಂದ ಹುಡ್ಗನ ಹತ್ರ ಅದನ್ನ ತೆಗ್ದುಬಿಡು ಅಂದೆ. ಯಾರಿಗೂ ಹೇಳೂದು ಬೇಡ, ನಿಂಗಂತೂ ಬೇಡ ಅಂದೆ. ನೀನು ಬಂದು ಅತ್ರೆ ನಾನು ಮತ್ತೆ ಅಳ್ಬೇಕಲ್ಲ..."

ಶರ್ಮಿಳಾ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು.

ಆಮೇಲೆ ದೇವಿಯ ಒಪ್ಪಿಗೆ ಪಡೆದು ತ್ರ್ಯಂಬಕರಿಗೆ ಫೋನಿನಲ್ಲಿ ಎಲ್ಲವನ್ನೂ ತಿಳಿಸಿ, ಆ ಚಿತ್ರ ಮತ್ತೆ ಹಾಕುವುದು ಬೇಡ ಎಂದಳು. ಅಲ್ಲಿಂದ ನೇರವಾಗಿ ಭಟ್ಕಳದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಭಯ... ಮುಖ ತಿರುಗಿಸಿದರೆ?

ಸುಜಯ ತನ್ನ ಸ್ಟುಡಿಯೋದಲ್ಲಿ ಒಬ್ಬನೇ ಇದ್ದ.

"ದೇವಿಯಕ್ಕನ ಮನೆಗೆ ಹೋಗಿದ್ದೆ," ಎಂದಳು ಬಾಗಿಲಲ್ಲೇ ನಿಂತು.

ಅವನು ಬೆಚ್ಚಿದ. "ತುಂಬ ಅತ್ರಾ ಅವ್ರು?"

ತನಗಾದ ಅನ್ಯಾಯದ ಬಗ್ಗೆ ಒಂದು ಮಾತಿಲ್ಲ.

"ಕೆಲಸ ಹೋಗ್ತದೆ ಅಂತ ಗೊತ್ತಿದ್ದೂ ಎಂತಕ್ಕೆ ಸುಮ್ನಿದ್ರಿ?"

"ಮಾತು ಕೊಟ್ಟಿದ್ದೆ." ಅವಳತ್ತ ನೋಡಿ ಹೇಳಿದ, "ಕೆಲಸಕ್ಕಿಂತ ನಿಮ್ಮ ಸಿಟ್ಟು ತಡ್ಕೊಳ್ಳೂದೇ ಕಷ್ಟ ಆತು."

ಅವಳು ಕ್ಷಮೆ ಕೇಳಿದಳು. ನಾಳೆಯಿಂದಲೇ ಕೆಲಸಕ್ಕೆ ಬರಬೇಕೆಂದು ಸರ್ ಹೇಳಿದ್ದಾರೆ ಎಂದಳು.

"ಸರ್ ಕರೆದ್ರು. ನೀವು?"

"ನಾನು ಕರೀಲಿಕ್ಕೆ ಬಂದದ್ದು ಹೊನ್ನಾವರಕ್ಕೆ," ಎಂದಳು ಶರ್ಮಿಳಾ. "ನಮ್ಮ ಮನೆಗೆ. ಅಪ್ಪನ ಹತ್ರ ನಮ್ಮಿಬ್ರ ವಿಷ್ಯ ಮಾತಾಡೂಕೆ."

ಅವನು ಹತ್ತಿರ ಬಂದು, ಮೊದಲ ಬಾರಿಗೆ ಅವಳ ಕೈ ಹಿಡಿದ.

"ಆತು. ಬರ್ತೇನೆ."

"ಅಲ್ಲಿ ಮಾತ್ರ ಸುಮ್ನೆ ಕೂರ್ಬೇಡಿ."

"ಇಲ್ಲ. ಅಲ್ಲಿ ಎಲ್ಲಾ ಹೇಳ್ತೇನೆ."